‘ದೂರ ಇರಿ’ ಅಂದರೆ ಯಾರಿಂದ?

ಟೈಲರಕ್ಕನ ಬಾಯಿ ಜೋರು ಅಂತ ಬೀದಿಯವರೆಲ್ಲ ಹೇಳುತ್ತಾರೆ. ಜೋರಾಗಿರದೆ ಇನ್ನೇನು? ಹದಿನೆಂಟು ವರ್ಷದಿಂದ ಹೊಲಿಗೆ ಯಂತ್ರದ ಗದ್ದಲದಲ್ಲೇ ಗಿರಾಕಿಗಳ ಜೊತೆ ಮಾತಾಡಿದವಳು. ಅಂಥವಳು ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು ಅಂದರೆ ನಂಬುತ್ತೀರಾ?

ಆಗಿದ್ದಿಷ್ಟು. ಆಸ್ಪತ್ರೆಯ ತಪಾಸಣೆಯಲ್ಲಿ ಅವಳ ಗರ್ಭಕೋಶದ ಬಾಯಲ್ಲಿ ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಕೆಟ್ಟ ಭಾಗ ಕಾಣಿಸಿತು. ಕ್ಯಾನ್ಸರ್‌ಗೆ ತಿರುಗುವ ಮೊದಲೇ ಡಾಕ್ಟರು ಅದನ್ನು ತೆಗೆದರು. ಮನೆಗೆ ಕಳಿಸುವಾಗ ಗಂಡ, ಅತ್ತೆ ಇಬ್ಬರೂ ಪಕ್ಕದಲ್ಲಿದ್ದರು. ನರ್ಸಮ್ಮ ಚೀಟಿ ಕೊಟ್ಟು, ನೆಲ ನೋಡುತ್ತಾ, “ಒಂದು ತಿಂಗಳು ದೂರ ಇರಿ, ಆಮೇಲೂ ಹುಷಾರು” ಅಂದಳು. ಯಾರಿಂದ ದೂರ? ಅದನ್ನು ಮಾತ್ರ ಹೇಳಲಿಲ್ಲ ಪುಣ್ಯಾತ್ಗಿತ್ತಿ! ನಾಚಿಕೆಯಂತೆ.

ಅತ್ತೆ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಸೋಪು. ಒಂಬತ್ತು ವರ್ಷದ ಮಗಳು ತಲೆ ಬಾಚಿಸಿಕೊಳ್ಳಲು ಬಂದರೆ, “ಅಮ್ಮನ್ನ ಮುಟ್ಟಬೇಡ ಕಣೇ, ಅಂಟುತ್ತೆ!” ಅನ್ನೋರು. ಹುಡುಗಿ ಬಾಚಣಿಗೆ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ನಿಜವಾಗಿಯೂ ಮಗುವಿಗೆ ಅಂಟಿಬಿಟ್ಟರೆ ಅನ್ನುವ ಭಯಕ್ಕೆ ಟೈಲರಕ್ಕ ತೆಪ್ಪಗಿದ್ದಳು.

ಇನ್ನು ಗಂಡ, ಮೆಕಾನಿಕ್ ಮಹಾಶಯ! ಒಂದು ಮಧ್ಯಾಹ್ನ ಅತ್ತೆ, ಮಗಳು ಹೊರಗೆ ಹೋದದ್ದೇ ತಡ, ಚಿಲಕ ಹಾಕಿ ಹತ್ತಿರ ಬಂದ. “ಗುಣ ಆಯ್ತಲ್ಲ, ಇನ್ನೇನೇ ನಿಂದು?” ಅಂದ. ಅವಳ ಲೋಟ ಮುಟ್ಟಬಾರದು, ಅವಳನ್ನು ಮಾತ್ರ ಮುಟ್ಟಬಹುದು! ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಆಚೆ ನೂಕಿ ಚಿಲಕ ತೆಗೆದಳು.

ಮರುದಿನ ಬೆಳಿಗ್ಗೆ ಗಂಡನನ್ನೂ ಅತ್ತೆಯನ್ನೂ ಹೊರಡಿಸಿಕೊಂಡು ಹೋಗಿ ನರ್ಸಮ್ಮನ ಮೇಜಿನ ಮುಂದೆ ನಿಲ್ಲಿಸಿದಳು. ಹಿಂದೆ ಬೆಂಚಿನ ತುಂಬ ಹೆಂಗಸರು.

“ದೂರ ಅಂದ್ರೆ ಯಾರಿಂದ, ಬಾಯ್ಬಿಟ್ಟು ಹೇಳಿ. ತಟ್ಟೆಯಿಂದಾನಾ? ನನ್ನ ಮಗಳಿಂದಾನಾ?”

ನರ್ಸಮ್ಮ ಪೆನ್ನು ತಿರುಗಿಸಿದಳು, ಕೆಮ್ಮಿದಳು. ಕೊನೆಗೆ ಹೇಳಲೇಬೇಕಾಯಿತು. “ಗಂಡ ಹೆಂಡ್ತಿ ಕೂಡಬಾರದು ಅಂತ. ಗಾಯ ಮಾಯಬೇಕಲ್ಲ. ಆಮೇಲೂ ಕಾಂಡೋಮ್ ಹಾಕ್ಕೊಳ್ಳಿ, ಹರಡೋದು ಕಮ್ಮಿ ಆಗುತ್ತೆ, ಪೂರ್ತಿ ನಿಲ್ಲಲ್ಲ. ಕೆಟ್ಟ ಭಾಗ ತೆಗೆದಿದೀವಿ, ವೈರಸ್ಸು ಇನ್ನೂ ಇರಬಹುದು. ಆರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬನ್ನಿ. ತಟ್ಟೆ, ಲೋಟದಿಂದ ಬರಲ್ಲ, ತಲೆ ಬಾಚಿದ್ರೆ ಬರಲ್ಲ. ಮಗಳಿಗೆ ಲಸಿಕೆ ಹಾಕಿಸಿ.”

“ಹಂಗಾದ್ರೆ ಇವಳಿಗೆ ಎಲ್ಲಿಂದ ಬಂತು?” ಗಂಡ ದನಿ ಏರಿಸಿದ.

“ಯಾರಿಂದ, ಯಾವಾಗ ಅಂತ ಹೇಳೋಕಾಗಲ್ಲ. ವರ್ಷಗಟ್ಟಲೆ ಒಳಗೇ ಸುಮ್ಮನಿರುತ್ತೆ. ನಿಮ್ಮಿಂದಲೂ ಬಂದಿರಬಹುದು.”

ಅತ್ತೆ ತಿರುಗಿ ಮಗನ ಮುಖ ನೋಡಿದರು.

“ಮೂರು ವಾರ!” ಟೈಲರಕ್ಕ ನರ್ಸಮ್ಮನ ಮೇಜು ಬಡಿದಳು. “ಮೂರು ವಾರ ನನ್ನ ಮಗು ನನ್ನ ಹತ್ರ ಬರಲಿಲ್ಲ. ನಾಚಿಕೆ ನಿಮ್ಮದು, ಶಿಕ್ಷೆ ನಂದಾ?”

ಆಗ ಬೆಂಚಿನಿಂದ ಚಿಕ್ಕ ವಯಸ್ಸಿನ ಬಾಣಂತಿಯೊಬ್ಬಳು ಎದ್ದು ತನ್ನ ಚೀಟಿ ಮುಂದೆ ಹಿಡಿದಳು.

“ನಂಗೂ ಹಿಂಗೇ ‘ದೂರ ಇರಿ’ ಅಂತ ಹೇಳಿದ್ರಿ, ಸಿಸ್ಟರ್. ನಾನು ಮಗೂಗೆ ಹಾಲು ಕೊಡೋದೇ ನಿಲ್ಲಿಸಿಬಿಟ್ಟೆ.”