ಸದಾ ಎಡಕ್ಕೆ ಕೂತವಳು

ನನ್ನ ಎಡಗಿವಿ ಕೇಳುವುದಿಲ್ಲ. ಏಳು ವರ್ಷದವಳಿದ್ದಾಗಿನಿಂದ ಕೇಳುವುದಿಲ್ಲ. ನಿಮ್ಮ ಅಜ್ಜ ತೀರಿಕೊಳ್ಳುವ ತನಕ ಅವರಿಗೆ ನಾನು ಇದನ್ನು ಹೇಳಲಿಲ್ಲ. ಸಂಗತಿ ಇಷ್ಟೇ ಆಗಿದ್ದರೆ ಬರೆಯಲು ಕೂಡುತ್ತಿರಲಿಲ್ಲ, ಮಕ್ಕಳೇ. ಈ ಗುಟ್ಟು ಉಳಿಸಿಕೊಳ್ಳಲು ನನ್ನ ಮಗಳ — ನಿಮ್ಮ ಗಿರಿಜಾ ಅತ್ತೆಯ — ಶಾಲೆ ಬಿಡಿಸಿದೆ. ಅವಳಾಗಿಯೇ ಬಿಟ್ಟಳು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು.

ಉಪ್ಪಿನಬೆಟಗೇರಿಯಲ್ಲಿ ಚಿಕ್ಕವಳಿದ್ದಾಗ ಜ್ವರ ಬಂದು ಕಿವಿ ಸೋರಿತು, ಹೋಯಿತು. ಮದುವೆ ಗೊತ್ತಾದಾಗ ನನ್ನವ್ವ ಹೇಳಿಕೊಟ್ಟ ಬುದ್ಧಿ ಇಷ್ಟು: "ಗಂಡನ ಎಡಕ್ಕ ಕೂಡು. ಹೇಣ್ತಿ ಕೂಡೂದು ಅಲ್ಲೇ. ಯಾರಿಗೂ ತಿಳಿಯಂಗಿಲ್ಲ."

ಹಾಗೆಯೇ ಮಾಡಿದೆ. ಪೂಜೆಯಲ್ಲಿ, ಚಕ್ಕಡಿಯಲ್ಲಿ, ಕಟ್ಟೆಯ ಮೇಲೆ — ಅವರ ಎಡಕ್ಕೇ. ಅವರ ಮಾತೆಲ್ಲ ನನ್ನ ಬಲಗಿವಿಗೆ ಬೀಳುತ್ತಿತ್ತು. ಓಣಿಯ ಹೆಂಗಸರು ಹೊಸ ಸೊಸೆಯರಿಗೆ ನನ್ನನ್ನು ತೋರಿಸಿ, "ನೋಡ್ರಿ, ಗಂಡನ ಎಡಮಗ್ಗಲ ಬಿಡಂಗಿಲ್ಲ ಆಕಿ" ಎನ್ನುತ್ತಿದ್ದರು. ಇನ್ನೊಂದು ಬದಿಯಿಂದ ಯಾರಾದರೂ ಮಾತಾಡಿದರೆ ತಲೆ ತಗ್ಗಿಸಿ ನಗುತ್ತಿದ್ದೆ. ನಾಚಿಕೆಯವಳು ಎಂದರು. ಒಳ್ಳೆಯ ಹೆಸರು ಅದು. ಅದರ ಮರೆಯಲ್ಲೇ ಸಂಸಾರ ಮಾಡಿದೆ.

ಗಿರಿಜಾ ಎರಡನೇ ಇಯತ್ತೆಯಲ್ಲಿದ್ದಾಗ ಅವಳಿಗೆ ಕಲಿಸುವ ಅಕ್ಕೋರು ಮನೆಗೆ ಬಂದರು.

"ಹುಡುಗಿಗೆ ಕಿವಿ ಮಂದ ಅನಸ್ತೈತ್ರಿ. ಹುಬ್ಬಳ್ಳಿಗೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಸ್ರಿ. ಮನ್ಯಾಗ ಮತ್ಯಾರಿಗರ ಹಿಂಗ ಐತೇನ್ರಿ?"

ನಿಮ್ಮ ಅಜ್ಜ ನನ್ನ ಬಲಕ್ಕಿದ್ದರು. ತೋರಿಸೋಣ ಎನ್ನಲು ಬಾಯಿ ತೆರೆದಿದ್ದರು. ನಾನು — ಹೊರಗಿನವರ ಮುಂದೆ ತುಟಿ ಬಿಚ್ಚದ ನಾನು — ನಡುವೆ ಬಾಯಿ ಹಾಕಿದೆ: "ಹಂಗೇನಿಲ್ರಿ ಅಕ್ಕೋರ. ಆಕಿಗೆ ಎಲ್ಲಾ ಕೇಳಸ್ತೈತಿ. ನನ್ನಂಗ ನಾಚಿಕಿ ಸ್ವಭಾವ."

ಡಾಕ್ಟರು ನನ್ನ ಕಡೆಗೂ ತಿರುಗಿ ಕೇಳಿಯಾರು ಎಂಬ ಅಂಜಿಕೆ, ಮತ್ತೇನಲ್ಲ. ಅಪರೂಪಕ್ಕೆ ಮಾತಾಡುವವಳ ಮಾತನ್ನು ಎಲ್ಲರೂ ನಂಬುತ್ತಾರೆ. ಅಂದು ಇಬ್ಬರೂ ನಂಬಿದರು. ಗಿರಿಜಾ ಹಿಂದಿನ ಮಣೆಯಲ್ಲೇ ಕೂತಳು, ಐದನೇ ಇಯತ್ತೆಯಲ್ಲಿ ಎರಡು ಸಲ ನಾಪಾಸಾದಳು, ಶಾಲೆ ಬಿಟ್ಟು ಮನೆಗೆ ಬಂದಳು. ದೊಡ್ಡವಳಾಗಿ ತಾರಿಹಾಳದ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕಲಿತಳು. ಈಗ ಗೋಪನಕೊಪ್ಪದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳದೇ ಎರಡು ಮಷಿನ್ ಇವೆ. ಆ ಓಣಿಯಲ್ಲಿ ಅವಳಷ್ಟು ಚೆಂದ ಕುಪ್ಪಸ ಹೊಲಿಯುವವರು ಇಲ್ಲ — ಇದನ್ನು ತಾಯಿಯಾದ್ದರಿಂದ ಹೇಳುತ್ತಿಲ್ಲ, ಬಂದವರೇ ಹೇಳುತ್ತಾರೆ.

ಪಲ್ಲವಿ, ನೀನು ಧಾರವಾಡದಲ್ಲಿ ಎಂ.ಎ.ಗೆ ಸೇರಿ ಅಂಗವೈಕಲ್ಯದ ವಿಷಯ ಓದುತ್ತೇನೆಂದಾಗ, ಮೊಮ್ಮಗಳು ಡಾಕ್ಟರಾಗುತ್ತಾಳೆ ಎಂದುಕೊಂಡೆ. ನೀನು ನಕ್ಕೆ. "ಔಷಧಿ ಅಲ್ಲ ಆಯಿ. ಕಾಲಿಲ್ಲದವನ ಮುಂದ ಮೆಟ್ಟಲಾ ಕಟ್ಟಿದವರ್ಯಾರು, ಅವನ್ನ ಒಳಗ ಬಿಡದವರ್ಯಾರು — ಅದನ್ನ ಓದತೇವಿ." ಇಂಥದ್ದೂ ಒಂದು ಓದೇ ಎಂದು ಬೆರಗಾದೆ. ನಮ್ಮ ಮನೆತನದಲ್ಲಿ ಅಷ್ಟು ದೂರ ಹೋದವಳು ನೀನೇ ಮೊದಲು. ಅಂದು ಎದೆ ತುಂಬಿತು. ಒಳಗೊಂದು ಚುಚ್ಚಿತು ಕೂಡ.

ಹೋದ ತಿಂಗಳು, ಕಿವಿ ಕೇಳದವರ ಬದುಕಿನ ಬಗ್ಗೆ ನಿನ್ನ ತರಗತಿಯಲ್ಲಿ ಮಾತಾಡಲು ಅತ್ತೆಯನ್ನು ಕರೆದೊಯ್ದೆ. ಜೊತೆಗೆ ನಾನೂ ಬಂದೆ. ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ನೀವು ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದಿರಿ. ಎಲ್ಲಿ ಕೂಡಲಿ ಎಂದು ಅಳೆಯದೆ ನಾನು ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ಗಿರಿಜಾ ಧೈರ್ಯವಾಗಿ ಮಾತಾಡಿದಳು. ಅಷ್ಟೊಂದು ಓದಿದವರು ನನ್ನ ಮಗಳ ಮಾತು ಬರೆದುಕೊಳ್ಳುತ್ತಿದ್ದರು — ಆ ಹೆಮ್ಮೆಯನ್ನು ನಾನು ಹೇಗೆ ಹೇಳಲಿ. ಆಮೇಲೆ ಯಾರೋ ಶಾಲೆಯ ದಿನಗಳ ಬಗ್ಗೆ ಕೇಳಿದರು. ಅವಳು ನಕ್ಕು ಹೇಳಿದಳು:

"ಕಿವಿ ಹೋಗಿದ್ದು ತಾರಿಹಾಳದ ಮಷಿನ್ ಸದ್ದಿಗೆ ರೀ. ಸಾಲ್ಯಾಗ ನಾನೇ ದಡ್ಡಿ ಇದ್ದೆ."

ಎಲ್ಲರೂ ನಕ್ಕರು. ನೀನು ಬರೆದುಕೊಂಡೆ. ನಾನು ಅಲ್ಲೂ ಬಾಯಿ ಬಿಡಲಿಲ್ಲ.

ಎಂಟು ದಿನ ತಡೆದೆ. ಒಂದು ಮಧ್ಯಾಹ್ನ ಅವಳಿಗೆ ನನ್ನ ತುಟಿ ಕಾಣುವ ಹಾಗೆ ಮಷಿನ್ ಎದುರು ನಿಂತು ಎಲ್ಲ ಹೇಳಿದೆ — ಅಕ್ಕೋರು ಬಂದದ್ದು, ನಾನು ಅಂದದ್ದು, ನನ್ನ ಕಿವಿ. ಅವಳು ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಅಪ್ಪಗ ಗೊತ್ತಿತ್ತೇನು?"

"ಇಲ್ಲ."

ಕೈಯಲ್ಲಿದ್ದ ಕುಪ್ಪಸದ ತೋಳನ್ನು ತಿರುಗಿಸಿ ನೋಡಿದಳು. "ಮತ್ತ... ನಾ ದಡ್ಡಿ ಇದ್ದಿಲ್ಲೇನವ್ವ?"

"ಇಲ್ಲವಾ. ಎಂದೂ ಇದ್ದಿಲ್ಲ."

ಗಾಲಿ ಮತ್ತೆ ತಿರುಗಿಸಿದಳು. ಅಂದಿನಿಂದ ನನ್ನೊಡನೆ ಪಲ್ಯದ ಮಾತು ಆಡುತ್ತಾಳೆ, ಗಿರಾಕಿಗಳ ಮಾತು ಆಡುತ್ತಾಳೆ, ಅದೊಂದನ್ನು ಬಿಟ್ಟು. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಅಂಥವಳು. ಅವಳಿಂದ ತೆಗೆದುಕೊಂಡದ್ದು ಸಾಕು.

ಪಲ್ಲವಿ, ನಿನ್ನ ವಹಿಯಲ್ಲಿ ಅವಳು ಹೇಳಿದ ಆ ಸಾಲು ಹೊಡೆದುಹಾಕು. ಅಲ್ಲಿ ನಾನು ಹೇಳಿದ ಸುಳ್ಳನ್ನು ನನ್ನ ಹೆಸರು ಹಾಕಿ ಬರೆ. ಅತ್ತೆಯನ್ನು ಕೇಳಿದ್ದೇನೆ. ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು: "ಬರೀಲಿ. ನಾ ದಡ್ಡಿ ಇದ್ದಿಲ್ಲ ಅಂತ ದೊಡ್ಡ ಅಕ್ಷರದಾಗ ಬರೀಲಿ."

ಮತ್ತೆ ನೀವೆಲ್ಲ — ನನ್ನ ಎಡಕ್ಕೆ ಕೂತು ಮಾತಾಡಿದರೆ ಇನ್ನು ಮೇಲೆ ನಾನು ನಗುವುದಿಲ್ಲ. "ಈ ಕಡಿ ಕೇಳಂಗಿಲ್ಲ, ಬಲಕ್ಕ ಬರ್ರಿ" ಎನ್ನುತ್ತೇನೆ. ಇಷ್ಟೇ ಮಾತು ನೋಡಿ. ಹಿಂದಿನ ಮಣೆಯಲ್ಲಿ ಕೂತಿದ್ದ ಆ ಏಳು ವರ್ಷದ ಹುಡುಗಿಗೆ ನಾನು ಕಲಿಸಬೇಕಾಗಿದ್ದ ಪಾಠ ಇಷ್ಟೇ ಇತ್ತು.