ಡ್ರಮ್ಮಿನ ಹಿಂದೆ ಅರಳಿದ ಅಣ್ಣೆ ಹೂ

ಗೆಳೆಯರೇ, ನಮ್ಮ ಮಾಳಿಗೆಯ ಮೇಲೆ ಇವತ್ತು ಅಣ್ಣೆ ಹೂ ಬಿಟ್ಟಿದೆ. ಹೌದು, ಜೋಳದ ಹೊಲದಲ್ಲಿ ಕಳೆಯೆಂದು ಕಿತ್ತೆಸೆಯುತ್ತಾರಲ್ಲ, ಅದೇ. ಮಳೆಗಾಲವೆಲ್ಲ ಕಳೆದು ಈಗ ಅರಳಿದೆ. ತುದಿ ಗುಲಾಬಿ, ಬುಡ ಬಿಳಿ.

ಮೋಕ ಎಂಬ ಊರಿನ ಹೊಲವೊಂದರ ಬದುವಿನಿಂದ ಬೀಜ ತಂದು ಆರು ಕುಂಡಗಳಲ್ಲಿ ಹಾಕಿದ್ದೆ. ಗೇಣುದ್ದ ಬೆಳೆದಿದ್ದವು. ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಆರೂ ಕುಂಡ ಬೋಳು! ಬಾದನಹಟ್ಟಿಯ ಹೊಲಗಳಲ್ಲಿ ಜೀವನವಿಡೀ ಕಳೆ ತೆಗೆದ ನಮ್ಮ ಅತ್ತೆ, ಬಟ್ಟೆ ಒಣಹಾಕಲು ಹೋದವರು, ಎಲ್ಲವನ್ನೂ ಬೇರುಸಮೇತ ಕಿತ್ತಿದ್ದರು.

"ಅಣ್ಣಿ ಕಂಡ್ರ ನನ್ನ ಕೈ ಸುಮ್ನ ಇರಂಗಿಲ್ಲವ್ವಾ," ಎಂದರು.

ನಾನು ಕೂಗಾಡಿದೆ, ಅತ್ತೂ ಬಿಟ್ಟೆ.

ಹಾಗಾದರೆ ನೀರಿನ ಡ್ರಮ್ಮಿನ ಹಿಂದೆ ಇವತ್ತು ಅರಳಿದ್ದು ಎಲ್ಲಿಂದ ಬಂತು? ಅತ್ತೆಯನ್ನೇ ಕರೆದು ಕೇಳಿದೆ.

"ಆವತ್ತ ನೀ ಅತ್ತಿದ್ದೆಲ್ಲವ್ವಾ. ಊರಿಗೆ ಹೋದಾಗ ನಮ್ಮ ಹೊಲದಾಗಿಂದ ಒಂದು ಸಸಿ, ಬೇರು ಮುರೀದಂಗ ಕಿತ್ಗೊಂಡು ಬಂದು ಹಚ್ಚೀನಿ. ಬದುಕತೈತೋ ಇಲ್ಲೋ ಅಂತ ಹೇಳಿದ್ದಿಲ್ಲ."

ಆ ಕೈಗಳನ್ನು ಹಿಡಿದುಕೊಂಡೆ. ಅವರು ಬಿಡಿಸಿಕೊಂಡು, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು: "ನಾನು ಅಣ್ಣಿ ಹಚ್ಚೀನಂತ ಊರಾಗ ಯಾರ ಮುಂದೂ ಹೇಳಬ್ಯಾಡ. ನಗ್ತಾರ."

ಅದಕ್ಕೇ ಯಾರಿಗೂ ಹೇಳಿಲ್ಲ, ಇಲ್ಲಿ ಮಾತ್ರ ಬರೆದಿದ್ದೇನೆ. ಬಾದನಹಟ್ಟಿಯವರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಏನೂ ನೋಡದವರ ಹಾಗೆ ಮುಂದಕ್ಕೆ ಹೋಗಿ.