ಅಡ್ಡಹೆಸರು ಕಡ್ಡಾಯ

ಕೊಳ್ಳೇಗಾಲಕ್ಕೆ ಬಂದಿಳಿದ ದಿನ ಬಾಡಿಗೆ ಮನೆ ಕೇಳಲೆಂದು ಒಂದು ಬಾಗಿಲು ತಟ್ಟಿದೆ. "ಮನಿ ಖಾಲಿ ಐತಂತ ಬೋರ್ಡ್ ನೋಡಿದ್ನಿರಿ, ನಾ ಒಬ್ಬಾಕೀನೇ ಇರಾಕಿ" ಎಂದೆ. ಬಾಗಿಲು ತೆರೆದ ಹೆಂಗಸು ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, "ನಿಮ್ದು ಯಾವ್ ದೇಸ ಕಣವ್ವ?" ಎಂದರು.

ನಾನು ಆಡಿದ್ದು ಕನ್ನಡ. ಹುಟ್ಟಿದ ದಿನದಿಂದ ಆಡಿದ್ದೂ ಅದೊಂದೇ. ರಾಜ್ಯದ ಉತ್ತರ ತುದಿಯ ಇಂಡಿ ತಾಲ್ಲೂಕಿನ ನಮ್ಮೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದೆನೇ ಹೊರತು ಯಾವ ಗಡಿಯನ್ನೂ ದಾಟಿರಲಿಲ್ಲ. ಆದರೂ ಆ ಪ್ರಶ್ನೆ ಕೇಳಿದ ಮೇಲೆ ಕೈಯಲ್ಲಿದ್ದ ಟ್ರಂಕು ಇನ್ನಷ್ಟು ಭಾರವಾಯಿತು.

ಮನೆ ಮಾತ್ರ ಕೊಟ್ಟರು. ಅವರ ಹೆಸರು ಪುಟ್ಟತಾಯಮ್ಮ. ಯಳಂದೂರಿನ ಹತ್ತಿರದ ಮಾಂಬಳ್ಳಿಯಿಂದ ನಲವತ್ತು ವರ್ಷದ ಹಿಂದೆ ಮದುವೆಯಾಗಿ ಬಂದವರು. ಈಗಲೂ ಬೀದಿಯವರು ಅವರನ್ನು ಕರೆಯುವುದು "ಮಾಂಬಳ್ಳಿ ಪುಟ್ಟತಾಯಮ್ಮ" ಎಂದೇ. ನಾನು ಅವರ ಮಾಳಿಗೆಯ ಕೋಣೆ ಸೇರಿದೆ.

ನಮ್ಮ ಕಡೆಯವರಿಗೆ ಇಲ್ಲಿಯ ಮಾತಿನ ರುಚಿ ಸ್ವಲ್ಪ ಹೇಳಬೇಕು. ಇಲ್ಲಿ ಮಾತಿನ ಮೊದಲಿಗೆ ಬರುವ ಹಕಾರ ನಿಲ್ಲುವುದೇ ಇಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ. ಪುಟ್ಟತಾಯಮ್ಮ ಮೊದಲ ದಿನ "ಅತ್ ಗಂಟ್ಗೆ ನೀರ್ ಬತ್ತದೆ" ಎಂದಾಗ, ಇವರು ಯಾಕೆ ಅತ್ತರು ಎಂದು ಮುಖ ನೋಡಿದೆ. ಅವರು ಹೇಳಿದ್ದು ಹತ್ತು ಗಂಟೆ. 'ವಸಿ' ಎಂದರೆ ಸ್ವಲ್ಪ. 'ಐಕ್ಳು' ಎಂದರೆ ಮಕ್ಕಳು. ನಾವು ಪುಂಡಿಪಲ್ಯಕ್ಕೆ ಬಾಯಿ ಬಿಡುವಂತೆ ಇವರು ಬಾಯಿ ಬಿಡುವುದು ಉಪ್ಸಾರಿಗೆ. ಅಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ತಿಳಿಗೆ ಉಪ್ಪು ಹಾಕಿ, ಪಕ್ಕದಲ್ಲಿ ಅರೆದ ಖಾರ ಇಡುತ್ತಾರೆ. ಜೊತೆಗೆ ರಾಗಿಮುದ್ದೆ. ಮುದ್ದೆಯನ್ನು ನಾನು ರೊಟ್ಟಿಯಂತೆ ಅಗಿಯತೊಡಗಿದಾಗ ಪುಟ್ಟತಾಯಮ್ಮ, "ಅಗೀಬಾರ್ದು, ನುಂಗ್ಬೇಕು ಕಣವ್ವ" ಎಂದು ನಕ್ಕರು. ನುಂಗಲು ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಮೊದಲ ಸಲ ಸರಾಗವಾಗಿ ನುಂಗಿದ ದಿನ ತಂಗಿಗೆ ಫೋನು ಮಾಡಿ ಹೇಳಿದೆ. "ಅದರಾಗೇನೈತಿ ಹೇಳಾಕ?" ಎಂದಳು. ಅವಳಿಗೆ ಹೇಗೆ ತಿಳಿಸಲಿ? ಆ ತಿಂಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ನಾನು "ಕಂಪೂಟ್ರು ಮೇಡಂ".

ನಾನು ಬಂದಿದ್ದು ಇಲ್ಲಿಯ ಒಂದು ಸಣ್ಣ ತರಬೇತಿ ಕೇಂದ್ರದ ಕೆಲಸಕ್ಕೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಹಾಸ್ಟೆಲಿನಲ್ಲಿಟ್ಟು ರೋಗಿಗಳ ಆರೈಕೆ ಕಲಿಸುವ ಕೇಂದ್ರ ಅದು. ಅದುವರೆಗೆ ಅರ್ಜಿಗಳು ಕಾಗದದಲ್ಲಿ ಬರುತ್ತಿದ್ದವು, ಅರ್ಧ ತುಂಬಿ, ಅರ್ಧ ಬಿಟ್ಟು, ಊರಿನ ಹೆಸರು ಓದಲಾಗದಂತೆ. ಕೇಂದ್ರದ ಮುಖ್ಯಸ್ಥೆ ನಾಗರತ್ನ ಮೇಡಂ, "ಫೋನಲ್ಲೇ ತುಂಬೋ ಹಾಗೆ ಮಾಡಿ. ತಪ್ಪು ಅರ್ಜಿ ಒಂದೂ ಒಳಗೆ ಬರ್ಬಾರ್ದು" ಎಂದಿದ್ದರು. ನನಗೆ ಆ ಕೆಲಸ ಗೊತ್ತಿತ್ತು. ಎರಡು ವಾರ ಕೂತು ಫಾರಂ ಕಟ್ಟಿದೆ. ತಪ್ಪು ತುಂಬಿದರೆ ಆಯಾ ಖಾನೆಯ ಕೆಳಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರುತ್ತದೆ. ಸರಿ ಮಾಡುವವರೆಗೆ ಅರ್ಜಿ ಮುಂದೆ ಹೋಗುವುದಿಲ್ಲ.

ಹೆಸರಿನ ಖಾನೆಯ ಪಕ್ಕ ಅಡ್ಡಹೆಸರಿನ ಖಾನೆ ಇಟ್ಟೆ, ಕಡ್ಡಾಯ ಎಂದು ಬರೆದೆ. ಬಿರಾದಾರ, ತಳವಾರ, ಹೂಗಾರ ಅಂತ ಮನೆತನದ ಹೆಸರಿಲ್ಲದ ಮನುಷ್ಯರನ್ನು ನಾನು ನಮ್ಮ ಕಡೆ ಕಂಡೇ ಇರಲಿಲ್ಲವಲ್ಲ. ಕನಿಷ್ಠ ಮೂರು ಅಕ್ಷರ ಇರಬೇಕು, ನಡುವೆ ಜಾಗ ಬಿಡಬಾರದು ಎಂದೂ ನಿಯಮ ಹಾಕಿದೆ. ತಾಲ್ಲೂಕು, ಊರುಗಳ ಪಟ್ಟಿಯನ್ನು ಹುಡುಕಿ ತಂದು ಸೇರಿಸಿದೆ. ಹೊರಗಿನವರು ಈ ಸೀಟುಗಳಿಗೆ ನುಗ್ಗಬಾರದೆಂದು ಕೊನೆಯಲ್ಲಿ ಇನ್ನೊಂದು ಬೀಗ ಜಡಿದೆ. ಅರ್ಜಿ ಕಳಿಸುವ ಫೋನು ಎಲ್ಲಿದೆ ಎಂದು ಫಾರಂ ತಾನೇ ನೋಡಿಕೊಳ್ಳುತ್ತದೆ. ಜಿಲ್ಲೆಯ ಹೊರಗಿದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಅರ್ಜಿಯ ಮೂರು ವಾರದ ಅವಧಿ ಮುಗಿದ ಮರುದಿನ ನೋಡಿದರೆ ಖಾಲಿ ಖಾನೆ ಒಂದೂ ಇಲ್ಲ. ನನಗೆ ಹೆಮ್ಮೆಯೆನಿಸಿತು. ಮೇಡಂ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋಗಿ ನಿಂತರು. "ಚೆನ್ನಾಗದೆ. ಆದ್ರೆ ಮಾದಪ್ಪನ ಬೆಟ್ಟದ ಆಚೆಯೋರು ಒಬ್ರೂ ಇಲ್ವಲ್ರೀ. ಪ್ರತಿ ವರ್ಷ ನಾಲ್ಕೈದು ಜನ ಬರೋರು" ಎಂದರು. ಆಮೇಲೆ, "ಇದೇನು ಅಡ್ಡಹೆಸರು, ಗುಂಡಮ್ಮ ಅಂತ ಬರ್ದವ್ಳೆ ಒಬ್ಳು?" ಎಂದು ನಕ್ಕರು.

ಸಂಜೆ ಪುಟ್ಟತಾಯಮ್ಮನಿಗೆ ಈ ಗುಂಡಮ್ಮನ ಕತೆ ಹೇಳಿದೆ. ಅವರು ನಗಲಿಲ್ಲ. "ಅಡ್ಡೆಸ್ರು ಅಂದ್ರೆ ರೇಗ್ಸಕ್ ಇಟ್ಟದ್ದು ಕಣವ್ವ. ನಮ್ಮಣ್ಣುನ್ಗೆ ಗೂಬೆ ಅಂತಿದ್ರು. ಅದ ಯಾರಾರಾ ಅರ್ಜೀಲಿ ಬರ್ಸ್ಕತಾರಾ?"

"ಮತ್ತ ಮನೆತನದ ಹೆಸರು?"

"ನಮ್ಗೆಲ್ಲವ್ವ ಅವೆಲ್ಲ? ಅಪ್ಪುನ್ ಎಸ್ರುದೊಂದ್ ಅಕ್ಸರ ಮುಂದ್ಕಾಕಿದ್ರೆ ಆಯ್ತು."

ನನ್ನ ಊರಿನ ಒಂದು ಪದ ಇಲ್ಲಿ ಬೇರೆಯೇ ಅರ್ಥದಲ್ಲಿ ಬದುಕಿತ್ತು. ಅದನ್ನು ತಿಳಿಯದೆ ನಾನು ಅದನ್ನು ಬಾಗಿಲಿಗೆ ಕಾವಲು ನಿಲ್ಲಿಸಿದ್ದೆ.

ಫಾರಂ ಹಿಂತಿರುಗಿಸಿದ ಅರ್ಜಿಗಳೂ ಒಂದು ಕಡೆ ದಾಖಲಾಗಲಿ ಎಂದು ಏರ್ಪಾಡು ಮಾಡಿದ್ದೆ. ಮೂರು ವಾರದಲ್ಲಿ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಬೆಳಿಗ್ಗೆ ಬೇಗನೆ ಕೇಂದ್ರಕ್ಕೆ ಹೋಗಿ ತೆರೆದೆ. ಹತ್ತಾರು ಫೋನು ನಂಬರುಗಳಿಂದ ಅರ್ಜಿಗಳು ಬಂದು ಬಾಗಿಲಲ್ಲೇ ನಿಂತಿದ್ದವು. ಅವುಗಳಲ್ಲಿ ಒಂದು ನಂಬರು ಮತ್ತೆ ಮತ್ತೆ ಬಂದಿತ್ತು. ಹೆಸರು ಸೆಲ್ವಿ, ಅಡ್ಡಹೆಸರು 'ಎಂ'. ಮೂರು ಅಕ್ಷರ ಬೇಕು ಎಂದು ಫಾರಂ ಕಳಿಸಿತ್ತು. ಮುಂದಿನ ಸಲ ಅಲ್ಲಿ ಅಪ್ಪನ ಹೆಸರು, ಮುನಿಯಪ್ಪ. ಆಗ ಅವಳು ನಿಂತದ್ದು ತಾಲ್ಲೂಕಿನ ಖಾನೆಯಲ್ಲಿ. ನಾನು ತಂದ ಪಟ್ಟಿ ಹಳೆಯದು, ಹನೂರು ಬೇರೆ ತಾಲ್ಲೂಕಾಗುವ ಮೊದಲಿನದು. ಹನೂರು ಪಟ್ಟಣದವರು ಹಳೆ ರೂಢಿಯಿಂದ ಕೊಳ್ಳೇಗಾಲ ಎಂದು ಒತ್ತಿ ಮುಂದೆ ಹೋಗಿದ್ದರು. ಇವಳು ಮೂರು ಸಲ ಹನೂರನ್ನು ಹುಡುಕಿ, ಸಿಗದೆ, ಕೊನೆಗೆ ಕೊಳ್ಳೇಗಾಲ ಒತ್ತಿದ್ದಳು. ಊರು ಪಾಲಾರ್. ಎಲ್ಲ ಸರಿಯಾದ ಮೇಲೆ ಫಾರಂ ಹೇಳಿತ್ತು: "ನೀವು ಜಿಲ್ಲೆಯ ಹೊರಗಿದ್ದೀರಿ. ಅರ್ಜಿ ಸ್ವೀಕರಿಸಲಾಗದು."

ಕೊನೆಯ ದಿನ ಕೊನೆಯ ಪ್ರಯತ್ನ. ಅಡ್ಡಹೆಸರಿನ ಖಾನೆಯಲ್ಲಿ ಅವಳು ಬರೆದಿದ್ದಳು: "ನಾನು ಹೊರಗಡೆ ಇಲ್ಲ ಇಲ್ಲೇ ಇದ್ದೀನಿ."

ನನ್ನ ಫಾರಂ ಅದಕ್ಕೂ ಉತ್ತರ ಕೊಟ್ಟಿತ್ತು, ಕೆಂಪು ಅಕ್ಷರದಲ್ಲಿ: "ಪದಗಳ ನಡುವೆ ಜಾಗ ಬಿಡಬೇಡಿ."

ಅವಳ ವಯಸ್ಸಿನ ಖಾನೆ ನೋಡಿದರೆ ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ಮಿತಿ ಮೀರುತ್ತಿತ್ತು. ಆಯ್ಕೆಯ ಸಂದರ್ಶನಕ್ಕೆ ಐದೇ ದಿನ. ನನ್ನದು ಗುತ್ತಿಗೆ ಕೆಲಸ, ಮೂರು ತಿಂಗಳಿಗೊಮ್ಮೆ ಮುಂದುವರಿಯಬೇಕು. ದಾಖಲೆಯನ್ನು ಅಳಿಸಿಬಿಟ್ಟರೆ ಇದು ಯಾರಿಗೂ ತಿಳಿಯುವಂತಿರಲಿಲ್ಲ. ಆ ಯೋಚನೆ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೇಡಂ ಬಂದ ಕೂಡಲೇ ಹೋಗಿ ಎಲ್ಲ ಹೇಳಿದೆ.

ಅವರು ಸೆಲ್ವಿ ಬರೆದ ಕೊನೆಯ ಸಾಲನ್ನು ಎರಡು ಸಲ ಓದಿದರು. "ನೀವು ಬಂದು ಹೇಳ್ದೆ ಇದ್ದಿದ್ರೆ, ಆ ಕಡೆಯೋರ್ಗೆ ಇಷ್ಟ ಇಲ್ಲ ಅಂದ್ಕಂಡು ಸುಮ್ನಾಗ್ತಿದ್ದೆ ನಾನು" ಎಂದರು. ಆಮೇಲೆ ಸಂದರ್ಶನವನ್ನು ಒಂದು ವಾರ ಮುಂದಕ್ಕೆ ಹಾಕಿ, ಅರ್ಜಿ ಮತ್ತೆ ತೆರೆಯಲು ಹೇಳಿದರು. "ಇಷ್ಟೂ ಜನಕ್ಕೆ ನೀವೇ ಫೋನ್ ಮಾಡ್ಬೇಕು."

ಅಂದೇ ಅಡ್ಡಹೆಸರಿನ ಖಾನೆ ಕಿತ್ತೆ. ಹನೂರನ್ನು ಸೇರಿಸಿದೆ. ಊರು ಪಟ್ಟಿಯಲ್ಲಿ ಸಿಗದಿದ್ದರೆ ತಾವೇ ಬರೆಯಲೆಂದು ಒಂದು ಖಾನೆ ಇಟ್ಟೆ. ಫೋನು ಎಲ್ಲಿದೆ ಎಂದು ನೋಡುವುದನ್ನು ಬಿಟ್ಟು, ಸಂದರ್ಶನಕ್ಕೆ ರೇಷನ್ ಕಾರ್ಡು ತನ್ನಿ ಎಂದು ಬರೆದೆ. ಆಮೇಲೆ ಒಬ್ಬೊಬ್ಬರಿಗೇ ಫೋನು ಮಾಡಿದೆ. ನನ್ನ ಮಾತು ಅವರಿಗೆ ಅರ್ಥವಾಗದಿದ್ದಲ್ಲಿ ಪುಟ್ಟತಾಯಮ್ಮ ಫೋನು ಕಿತ್ತುಕೊಂಡು, "ಲೇ, ಇನ್ನೊಂದ್ ಸಲ ತುಂಬು ಮಗ, ಈಗ ಓಯ್ತದೆ" ಎನ್ನುತ್ತಿದ್ದರು. ಸೆಲ್ವಿ ಮಾತ್ರ ಸಿಗಲಿಲ್ಲ. ಎರಡು ದಿನ ಪ್ರಯತ್ನಿಸಿದೆ. ಪ್ರತಿ ಸಲವೂ ಕಂಪನಿಯ ಮುದ್ರಿತ ಹೆಣ್ಣುದನಿಯೊಂದು ತಮಿಳಿನಲ್ಲಿ ಏನನ್ನೋ ಹೇಳಿ ಮುಗಿಸುತ್ತಿತ್ತು.

ಮೂರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಹನೂರು ದಾಟಿ, ಮಾದಪ್ಪನ ಬೆಟ್ಟ ಹತ್ತಿ, ಆ ಕಡೆ ಇಳಿಯುವ ದಾರಿ. ನಮ್ಮ ಕಡೆ ಕಣ್ಣು ಹಾಯಿಸಿದಷ್ಟೂ ಬಯಲು. ಬರುವವರು ಅರ್ಧ ಗಂಟೆ ಮೊದಲೇ ಕಾಣುತ್ತಾರೆ. ಇಲ್ಲಿ ಪ್ರತಿ ತಿರುವಿನ ಆಚೆಗೂ ಕಾಡು. ಇಳಿಜಾರಿನಲ್ಲಿ, ಗಡಿ ಇನ್ನೂ ದೂರವಿರುವಾಗಲೇ, ತಮಿಳುನಾಡಿಗೆ ಸ್ವಾಗತ ಎಂದು ನನ್ನ ಫೋನಿಗೆ ಸಂದೇಶ ಬಂತು. ಫೋನು ಗಡಿಯಾಚೆಯ ಟವರು ಹಿಡಿದಿತ್ತು, ಕಿಟಕಿಯಾಚೆ ಮಾತ್ರ ಕನ್ನಡದ ಫಲಕ. ನನ್ನ ಫಾರಂ ಅವಳಿಗೆ ಏನು ಮಾಡಿತ್ತೆಂದು ಆಗ ಕಣ್ಣಿಗೆ ಕಂಡಿತು.

ಪಾಲಾರಿನಲ್ಲಿ ಕೇಳಿದೊಡನೆ ಟೀ ಅಂಗಡಿ ತೋರಿಸಿದರು. ಮೂವತ್ತರ ಹತ್ತಿರದ ಗಟ್ಟಿ ಹೆಂಗಸು ಲೋಟ ತೊಳೆಯುತ್ತಿದ್ದಳು. ಒಳಗೆ ಅವಳ ತಾಯಿ.

"ಸೆಲ್ವಿ ಅಂದ್ರ ನೀವೇ ಏನ್ರಿ? ನಾ ಕೊಳ್ಳೇಗಾಲದ ತರಬೇತಿ ಕೇಂದ್ರದಿಂದ ಬಂದೀನಿ."

ಅವಳು ಕೈ ಒರೆಸಿಕೊಂಡು ಎದ್ದು ನಿಂತಳು. ಮುಖದಲ್ಲಿ ಗಾಬರಿ. "ನಾನ್ ಏನಾರಾ ತಪ್ ಒತ್ಬುಟ್ನಾ ಅಕ್ಕ?"

"ಇಲ್ಲವ್ವ. ತಪ್ಪು ನಂದು. ಆ ಫಾರಂ ಮಾಡಿದಾಕಿ ನಾನ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಫಾರಂ ಮಾಡುವವರು ಬಸ್ಸಿನಲ್ಲಿ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. "ನಾನ್ ಇಲ್ಲೇ ನಿಂತಿವ್ನಿ, ಅದು ನೀ ಒರ್ಗಿದ್ದೀಯೆ ಅಂತದೆ" ಎಂದಳು. "ಪೋನ್‌ಗೆ ಗೊತ್ತಿರ್ತದೆ, ನಂಗೇನ್ ಗೊತ್ತು ಅಂದ್ಕಂಡು ಬುಟ್ಬುಟ್ಟೆ."

ಪಾಲಾರಿನಿಂದ ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದರೆ ಜನ ಮೊದಲು ಕರೆಯುವುದು ಸೆಲ್ವಿಯನ್ನು. ಅವಳಿಗೆ ಎರಡೂ ಭಾಷೆ ಬರುತ್ತದೆ, ರಕ್ತ ಕಂಡರೆ ಹೆದರುವುದಿಲ್ಲ. ಕೈ ಹಿಡಿದು ಕೂರುವುದು ಗೊತ್ತು, ಕೈಯಲ್ಲಿ ಏನು ಮಾಡಬೇಕೋ ಗೊತ್ತಿಲ್ಲ, ಅದನ್ನು ಕಲಿಯಬೇಕು ಎಂದಳು. ಆದರೆ ಅಷ್ಟರಲ್ಲಿ ಮನಸ್ಸು ಬೇರೆ ಮಾಡಿಯಾಗಿತ್ತು. ಅವಳ ಚಿತ್ತಿ, ಅಂದರೆ ಚಿಕ್ಕಮ್ಮ, ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಕೆಲಸ ಗೊತ್ತು ಮಾಡಿದ್ದರು. ನಾಳೆ ಅವರ ಜೊತೆಗೇ ಹೊರಡುವುದು. ಬಾಗಿಲ ಬಳಿ ಚೀಲ ಕಟ್ಟಿಟ್ಟಿತ್ತು. ಹಳೆಯ ಸಿಮ್ಮು ತೆಗೆದು ಹೊಸದು ಹಾಕಿಕೊಂಡಿದ್ದಳು.

"ಸೀಟ್ ಸಿಕ್ತದಾ ಅಕ್ಕ?"

ಹೌದೆಂದು ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. "ಅದು ನನ್ನ ಕೈಯಾಗಿಲ್ಲ. ಅರ್ಜಿ ಒಳಗ ಹೋಗತೈತಿ. ಅಷ್ಟ ಹೇಳಬಲ್ಲೆ."

ಒಳಗಿನಿಂದ ತಾಯಿ ತಮಿಳಿನಲ್ಲಿ ಏನೋ ಕೇಳಿದರು. ಸೆಲ್ವಿ ಉದ್ದವಾಗಿ ಉತ್ತರಿಸಿದಳು. ಮುದುಕಿ ಹೊರಬಂದು ನನ್ನನ್ನು ನೋಡಿ, ಮಗಳಿಗೆ ಒಂದೇ ಮಾತು ಹೇಳಿದರು. "ಏನಂದ್ರು?" ಎಂದೆ. "ಅಷ್ಟ್ ದೂರದಿಂದ ಬಂದವ್ಳೆ, ಟೀ ಕೊಡು ಅಂದ್ರು" ಎಂದಳು ಸೆಲ್ವಿ, ನಗುತ್ತಾ.

ಟೀ ಕುಡಿದ ಮೇಲೆ, ನೆಟ್‌ವರ್ಕು ಚೆನ್ನಾಗಿ ಸಿಗುತ್ತದೆಂದು ಊರಂಚಿನ ಸೇತುವೆಯ ತನಕ ನಡೆದೆವು. ಅವಳೇ ತುಂಬಿದಳು. 'ಹೆಸರು' ಎಂಬಲ್ಲಿ 'ಎಂ. ಸೆಲ್ವಿ' ಎಂದು ಬರೆದು, ಕೆಂಪು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ತಾಲ್ಲೂಕು ಹನೂರು. ಊರಿನ ಹೆಸರು ಬರೆಯುವಾಗ ಗಟ್ಟಿಯಾಗಿ ಉಚ್ಚರಿಸಿಕೊಂಡೇ ಬರೆದಳು. ಅರ್ಜಿ ತಲುಪಿದೆ ಎಂಬ ಸಾಲು ಬಂದಾಗ ಫೋನನ್ನು ನನ್ನ ಮುಖಕ್ಕೆ ಹಿಡಿದು, "ನೀವೇ ಓದಿ ಅಕ್ಕ" ಎಂದಳು. ಓದಿದೆ.

ತಿರುಪ್ಪೂರಿಗೆ ಚಿತ್ತಿ ಒಬ್ಬರೇ ಹೋದರು, ಸಿಟ್ಟು ಮಾಡಿಕೊಂಡು. ಸಂದರ್ಶನದಲ್ಲಿ ಸೆಲ್ವಿಯ ಹೆಸರು ಕಾಯುವವರ ಪಟ್ಟಿಯಲ್ಲಿ ಬಂತು. ಆ ಹತ್ತು ದಿನ ನಾನು ಅವಳ ಫೋನಿಗೆ ಹೆದರುತ್ತಿದ್ದೆ. ಇದ್ದ ಕೆಲಸವನ್ನೂ ತಪ್ಪಿಸಿದೆನಲ್ಲ ಎಂಬ ಸಂಕಟ. ಕೊನೆಗೆ ಅಗರದ ಒಬ್ಬ ಹುಡುಗಿಗೆ ಮದುವೆ ಗೊತ್ತಾಗಿ ಜಾಗ ತೆರವಾಯಿತು. ಸೆಲ್ವಿ ಅದೇ ಚೀಲ ಹಿಡಿದು ಕೊಳ್ಳೇಗಾಲಕ್ಕೆ ಬಂದಳು. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುತ್ತಾಳೆ. ಭಾನುವಾರ ನನ್ನ ಕೋಣೆಗೆ ಬಂದು, ಹಾಸ್ಟೆಲಿನ ಸಾರು ಬಾಯಿಗೆ ಇಡಲಾಗದು ಎಂದು ದೂರಿ, ನಾನು ಬಡಿದ ಜೋಳದ ರೊಟ್ಟಿ ತಿನ್ನುತ್ತಾಳೆ. "ಇದ್ನ ಅಗೀಬೇಕಾ, ನುಂಗ್ಬೇಕಾ?" ಎಂದು ಮೊದಲ ಸಲ ಅವಳೇ ಕೇಳಿದಳು.

ಮೊನ್ನೆ ಭಾನುವಾರ ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಟಿಕೆಟು ಮಾಡಲು ಕೂತೆ. ತಂಗಿ ಫೋನಿನಲ್ಲೇ ಇದ್ದಳು. "ಈ ಸಲ ಲಗೂನ ಬಾ, ಹಬ್ಬದ ದಿನ ಬಂದು ಬಿದಿಗೆಗೆ ಹೋಗಾಕಿ ಆಗಬ್ಯಾಡ" ಎನ್ನುತ್ತಿದ್ದಳು. ಕೆಳಗಿನಿಂದ ಪುಟ್ಟತಾಯಮ್ಮ, "ಯಾವತ್ ಬತ್ತೀಯವ್ವ? ನೀರಿನ್ ಟ್ಯಾಂಕ್ ತೊಳ್ಸ್ಬೇಕು, ಏಳ್ಬುಟ್ಟೋಗು" ಎಂದು ಕೂಗುತ್ತಿದ್ದರು. ಎಲ್ಲಿಂದ ಎಂಬಲ್ಲಿ ನಮ್ಮ ಕಡೆಯ ಬಸ್ಸು ಸಿಗುವ ಮೈಸೂರು, ಎಲ್ಲಿಗೆ ಎಂಬಲ್ಲಿ ಇಂಡಿ. ಮುಂದಿನ ಖಾನೆ: ಹಿಂದಿರುಗುವ ದಿನ.

ಅಲ್ಲಿಗೆ ಬಂದು ಬೆರಳು ನಿಂತಿತು. ಊರಿಗೆ ಹೋಗುವುದನ್ನೇ ನಾನು ಇಷ್ಟು ದಿನ ಹಿಂದಿರುಗುವುದು ಎಂದುಕೊಂಡಿದ್ದೆ. ಈ ಖಾನೆ ಕೇಳುತ್ತಿದ್ದುದು ಊರಿನಿಂದ ಹೊರಡುವ ದಿನವನ್ನು. ಎರಡರಲ್ಲಿ ಯಾವುದೂ ತಪ್ಪೆಂದು ಫಾರಂ ಹೇಳಲಿಲ್ಲ. ಖಾನೆ ಖಾಲಿ ಬಿಟ್ಟರೂ ಮುಂದೆ ಹೋಗಬಹುದಿತ್ತು. ಹಬ್ಬ ಕಳೆದ ನಾಲ್ಕನೆಯ ದಿನವನ್ನು ಒತ್ತಿದೆ. ಆಮೇಲೆ ಕಿಟಕಿಗೆ ಹೋಗಿ, ಆ ದಿನವನ್ನು ಕೆಳಗೆ ಕೂಗಿ ಹೇಳಿದೆ.